ಇದು ಬರೀ ಪ್ರವಾಸಿಗರ ಗಾಡಿ ಅಲ್ಲ

ನೆಲದಲ್ಲೂ ನೀರಲ್ಲೂ ಓಡುವ ಬಸ್ಸುಗಳ ಲೇಖನ ಇಷ್ಟವಾಯಿತು. ಆದರೆ ಇವು ಪ್ರವಾಸಿಗರ ಮೋಜಿಗೆ ಮಾತ್ರ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾನಿರುವುದು ಮುಂಬೈಯ ಸಯನ್‌ನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅವತ್ತು ಕುರ್ಲಾದಿಂದ ಸೊಂಟದವರೆಗಿನ ನೀರಲ್ಲಿ ನಡೆದು ಮನೆ ಸೇರಿದೆ. ದಾರಿಯಲ್ಲಿ ಹೋಟೆಲಿನ ಹುಡುಗರು, ನಮ್ಮ ಕುಂದಾಪುರ ಕಡೆಯವರೇ, ಹಗ್ಗ ಕಟ್ಟಿ ಜನರನ್ನು ದಾಟಿಸುತ್ತಿದ್ದರು. ಬಸ್ಸುಗಳು ಕೆಟ್ಟು ನಿಂತಿದ್ದವು. ದೋಣಿ ತಂದರೂ ಎತ್ತರದ ರಸ್ತೆಗಳಲ್ಲಿ ಅದು ತೇಲುವಂತಿರಲಿಲ್ಲ. ಎರಡೂ ಕಡೆ ಓಡುವ ಗಾಡಿ ಬೇಕಾಗುವುದು ಇಂಥಲ್ಲೇ ಅಲ್ವಾ?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಮಾಡಿದ 'ಡಕ್' ಆರು ಚಕ್ರದ ಲಾರಿ. ನೀರಿಗಿಳಿದರೆ ಹಿಂದಿನ ಪ್ರೊಪೆಲ್ಲರ್ ತಳ್ಳುತ್ತದೆ. ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಇಳಿಸಬಹುದು, ಆಗ ಮರಳಲ್ಲಿ ಚಕ್ರ ಸುಲಭಕ್ಕೆ ಹೂತುಕೊಳ್ಳುವುದಿಲ್ಲ. ಗಟ್ಟಿ ರಸ್ತೆ ಸಿಕ್ಕ ಮೇಲೆ ಮತ್ತೆ ಗಾಳಿ ತುಂಬಬಹುದು. ಎಷ್ಟು ಚೆಂದದ ಯೋಚನೆ! 1944ರಲ್ಲಿ ನಾರ್ಮಂಡಿ ದಡಕ್ಕೆ ಇವು ಸಾಮಾನು ಸಾಗಿಸಿದವು.

ಅಪಾಯದ ಮಾತೂ ಲೇಖನದಲ್ಲಿ ಇರಬೇಕಿತ್ತು. 2018ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಇಂಥ ಪ್ರವಾಸಿ ಗಾಡಿ ಬಿರುಗಾಳಿಗೆ ಸಿಕ್ಕು ಸರೋವರದಲ್ಲಿ ಮುಳುಗಿತು. 17 ಜನ ಸತ್ತರು. ಗಾಡಿ ಮುಳುಗುವಾಗ ಮೇಲಿನ ಚಾವಣಿ ಜನರನ್ನು ಒಳಗೇ ಸಿಕ್ಕಿಸಿಬಿಡುತ್ತದೆ. 1999ರಲ್ಲಿ ಅರ್ಕಾನ್ಸಾದಲ್ಲಿ 13 ಜನ ಸತ್ತಾಗಲೇ ತನಿಖೆಯವರು ಈ ಎಚ್ಚರಿಕೆ ಕೊಟ್ಟಿದ್ದರು. ನಮ್ಮ ದೇಶದಲ್ಲಿ ಇವನ್ನು ಓಡಿಸುವವರೂ ಮೊದಲು ಚಾವಣಿ ನೋಡಲಿ. ಕುರ್ಲಾ, ಸಯನ್‌ಗಳಿಗೆ ಸರ್ಕಾರ ಮಳೆಗಾಲಕ್ಕೆ ಮುಂಚೆ ಒಂದೊಂದು ಗಾಡಿ ಕೊಡಲಿ, ಓಡಿಸಲು ತರಬೇತಾದ ಚಾಲಕರನ್ನೂ ಕೊಡಲಿ.