ಉತಾರ ಇಲ್ಲದ ಹಾರುವ ತಟ್ಟೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಏಳರ ಹೊತ್ತಿಗೆ ಗಿರ್ಮಿಟ್ ತಿನ್ನುತ್ತ ನಿಂತವರ ಮುಂದೆ ಜಗತ್ತಿನ ಯಾವ ರಹಸ್ಯವೂ ಬಹಳ ಹೊತ್ತು ರಹಸ್ಯವಾಗಿ ಉಳಿಯುವುದಿಲ್ಲ. ಮೊನ್ನೆ ಅಲ್ಲಿ ಬಯಲಾದದ್ದು ಅಮೆರಿಕ ಸರ್ಕಾರದ ಗುಟ್ಟು. ಮೊಬೈಲ್ ರಿಪೇರಿ ಅಂಗಡಿಯ ಹುಡುಗನೊಬ್ಬ, ಮೂಲೆಯಲ್ಲಿ ಗಾಜು ಸೀಳಿದ ತನ್ನ ಫೋನನ್ನು ನಿವೃತ್ತ ತಲಾಠಿಯೊಬ್ಬರ ಮುಂದೆ ಹಿಡಿದು, "ಕಾಕಾ, ಒಬ್ಬ ಹ್ಯಾಕರ್ ನಾಸಾದ ಕಂಪ್ಯೂಟರಿನ್ಯಾಗ ಹೊಕ್ಕು ಹಾರೂ ತಟ್ಟಿ ಫೋಟೋನ ನೋಡಿ ಬಂದಾನ್ರೀ, ಸರ್ಕಾರದವ್ರು ಮುಚ್ಚಿಟ್ಟಾರ" ಎಂದ. ಪರದೆಯ ಮೇಲೆ ಒಂದು ಕೆಂಪು ವೃತ್ತ, ವೃತ್ತದ ಕಡೆಗೊಂದು ಕೆಂಪು ಬಾಣ, ಬಾಣದ ತುದಿಯಲ್ಲಿ ಒಂದು ಮಸುಕು ಚುಕ್ಕೆ. ತಲಾಠಿಯವರು ಮಿರ್ಚಿಯ ಎಣ್ಣೆ ಹತ್ತಿದ ಬೆರಳನ್ನು ಪೇಪರಿಗೆ ಒರೆಸಿ, ಕನ್ನಡಕ ಏರಿಸಿ, ಫೋನನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿ ಕೇಳಿದ್ದು ಒಂದೇ ಮಾತು: "ಇದರ ಉತಾರ ಎಲ್ಲೈತೋ ತಮ್ಮಾ?"

ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ, ಗ್ರಾಮಲೆಕ್ಕಿಗರಿಗೆ ತಲಾಠಿ. ಎರಡು ಗುಂಟೆ ಹೊಲದ ಬದುವಿಗಾಗಿ ಮೂರು ತಲೆಮಾರಿನ ಉತಾರ ತೆಗೆಸಿ, ನಕಾಶೆ ತರಿಸಿ, ಪಂಚನಾಮೆ ಮಾಡಿಸಿ, ಅಷ್ಟಾದರೂ ನಂಬದೆ ಧಾರವಾಡದ ಕೋರ್ಟಿಗೆ ಹೋಗುವ ಜನ ನಾವು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲ ಕಂಡರೆ ಮೇಲಿನ ಪದರ ಬಿಟ್ಟು ಅಡಿಗೆ ಕೈ ಹಾಕಿ, ಕಾಯಿ ಮುರಿದು, ಬೀಜ ನೋಡಿಯೇ ದರದ ಮಾತೆತ್ತುತ್ತೇವೆ. ಅಂಥ ನಾವೇ, ಭೂಮಿಯಾಚೆಯಿಂದ ಬಂದ ನೌಕೆಯ ವಿಷಯಕ್ಕೆ ಬಂದಾಗ, ನೋಡಿದೆನೆಂದು ಹೇಳಿದವನ ಬಾಯಿಮಾತನ್ನೇ ಖರೀದಿಪತ್ರವೆಂದು ನೋಂದಾಯಿಸಿಕೊಳ್ಳುತ್ತಿದ್ದೇವೆ.

ಹುಡುಗನ ಫೋನಿನಲ್ಲಿದ್ದದ್ದು ಹಳೆಯ ಸರಕು. ಸ್ಕಾಟ್ಲೆಂಡ್ ಮೂಲದ ಗ್ಯಾರಿ ಮೆಕಿನನ್ ಎಂಬಾತ 2001ರ ಫೆಬ್ರುವರಿಯಿಂದ 2002ರ ಮಾರ್ಚ್‌ವರೆಗೆ ಲಂಡನ್ನಿನ ಒಂದು ಮನೆಯಲ್ಲಿ ಕುಳಿತು ಅಮೆರಿಕದ ಸೇನೆ ಮತ್ತು ನಾಸಾಕ್ಕೆ ಸೇರಿದ 97 ಕಂಪ್ಯೂಟರುಗಳಿಗೆ ನುಗ್ಗಿದ ಎಂಬುದು ಅವನ ಮೇಲಿದ್ದ ಆರೋಪ. ನುಗ್ಗಿದ್ದನ್ನು ಅವನೂ ಒಪ್ಪಿಕೊಂಡ. ತಾನು ಹುಡುಕುತ್ತಿದ್ದದ್ದು ಹಾರುವ ತಟ್ಟೆಗಳ ಸಾಕ್ಷ್ಯ ಮತ್ತು ಸರ್ಕಾರ ಬಚ್ಚಿಟ್ಟ ಉಚಿತ ಇಂಧನದ ತಂತ್ರಜ್ಞಾನ ಎಂದೂ ಹೇಳಿದ. ನಾಸಾದ ಹ್ಯೂಸ್ಟನ್ ಕೇಂದ್ರದ 8ನೇ ಕಟ್ಟಡದಲ್ಲಿ ಫೋಟೋಗಳಿಂದ ಹಾರುವ ತಟ್ಟೆಗಳನ್ನು ಅಳಿಸುತ್ತಾರೆ ಎಂಬ ಮಾತನ್ನು ಮೊದಲೇ ಕೇಳಿಕೊಂಡು ಅವನು ಅದೇ ಕಟ್ಟಡದ ಕಂಪ್ಯೂಟರಿಗೆ ಹೋದ, ಹೋದೊಡನೆ ಕೇಳಿದ್ದೇ ಕಂಡಿತು. ಸಿಗಾರಿನ ಆಕಾರದ, ಸುತ್ತಲೂ ಗುಮ್ಮಟಗಳಿದ್ದ, ಎಲ್ಲಿಯೂ ಬೆಸುಗೆಯ ಗುರುತಿಲ್ಲದ ವಸ್ತುವೊಂದು ಭೂಮಿಯ ಮೇಲೆ ತೇಲುತ್ತಿತ್ತಂತೆ.

ಫೋಟೋ ಎಲ್ಲಿ ಎಂದು ಕೇಳಿದರೆ ಕತೆ ರಂಗೇರುತ್ತದೆ. ಚಿತ್ರದ ಕಡತ 200ರಿಂದ 300 ಎಂಬಿಯಷ್ಟು ದೊಡ್ಡದು, ಅವನ ಬಳಿ ಇದ್ದದ್ದು ಟೆಲಿಫೋನ್ ತಂತಿಯ 56ಕೆ ಮೋಡೆಮ್. ಆ ವೇಗದಲ್ಲಿ 250 ಎಂಬಿ ಇಳಿಸಬೇಕಾದರೆ, ತಂತಿ ಒಮ್ಮೆಯೂ ಕೈಕೊಡದಿದ್ದರೂ, ಸುಮಾರು ಹತ್ತು ತಾಸು ಬೇಕು. ಆದ್ದರಿಂದ ಅವನು ಬಣ್ಣ ಇಳಿಸಿ, ಸ್ಪಷ್ಟತೆ ತಗ್ಗಿಸಿ ಅಲ್ಲಿಯ ಪರದೆಯನ್ನೇ ಇಲ್ಲಿಂದ ನೋಡುತ್ತಿದ್ದಾಗ, ಚಿತ್ರ ಅರ್ಧ ಮುಕ್ಕಾಲು ಮೂಡುವಷ್ಟರಲ್ಲಿ, ಆ ಕಡೆ ಕುಳಿತ ಯಾರೋ ಮೌಸ್ ಸರಿಸಿ ಸಂಪರ್ಕ ಕಡಿದುಹಾಕಿದರಂತೆ. ಪ್ರತಿ ಉಳಿಯಲಿಲ್ಲ.

ಈ ಭಾಗವನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ, ಏಕೆಂದರೆ ಅದೇ ಕಾಲದಲ್ಲಿ ನಮ್ಮ ಮನೆಯಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆದಿತ್ತು. ನನ್ನ ಸೋದರಮಾವನ ಮಗನಿಗೆ ನೋಡಿದ ಕನ್ಯೆಯ ಫೋಟೋ ಪುಣೆಯಿಂದ ಈಮೇಲಿನಲ್ಲಿ ಬಂದಿದೆಯೆಂದು ಐದು ಜನ ಸೇರಿ ಸೈಬರ್ ಕೆಫೆಗೆ ಹೋದೆವು. ಆಗ ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ, ಹಿತ್ತಲ ಗೋಡೆಗೆ ಸುಣ್ಣ ಬಳಿದಂತೆ ಇಳಿಯುತ್ತಿತ್ತು. ಮೊದಲು ಹಿಂದಿನ ಪರದೆ ಬಂತು, ಆಮೇಲೆ ಬೈತಲೆ, ಆಮೇಲೆ ಹಣೆ, ಹಣೆಯ ಕುಂಕುಮ, ಎಡಹುಬ್ಬಿನ ಅರ್ಧ, ಅಷ್ಟರಲ್ಲಿ ಕರೆಂಟ್ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಮಾವ "ಮನಿತನ ಛಲೋ ಕಾಣ್ತೈತಿ" ಎಂದರು, ಅತ್ತೆ "ಮೂಗು ಸ್ವಲ್ಪ ಉದ್ದಾತು" ಎಂದರು. ಮೂಗನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಆದರೂ ಅದರ ಬಗ್ಗೆ ಊಟದ ತನಕ ವಾದ ನಡೆಯಿತು. ನಮ್ಮವರ ವಿವೇಕವೇನೆಂದರೆ, ಹುಬ್ಬಿನ ಆಧಾರದ ಮೇಲೆ ಅಕ್ಕಿಕಾಳು ಹಾಕಲಿಲ್ಲ, ಮರುವಾರ ರೈಲು ಹತ್ತಿ ಪುಣೆಗೆ ಹೋಗಿ ನೋಡಿ ಬಂದರು.

ಮೆಕಿನನ್‌ಗೆ ಇನ್ನೊಂದು ದಾಖಲೆಯೂ ಸಿಕ್ಕಿತ್ತಂತೆ. ಅದು ಎಕ್ಸೆಲ್ ಹಾಳೆಯಲ್ಲಿದ್ದ "ನಾನ್-ಟೆರೆಸ್ಟ್ರಿಯಲ್ ಆಫೀಸರ್ಸ್" ಎಂಬ ಶೀರ್ಷಿಕೆಯ ಹೆಸರುಗಳ ಪಟ್ಟಿ. ಭೂಮಿಗೆ ಸೇರದ ಅಧಿಕಾರಿಗಳು! ಬಾಹ್ಯಾಕಾಶದಲ್ಲಿ ಗುಪ್ತ ನೌಕಾದಳ ಕಟ್ಟಿ, ಅದರ ಹಾಜರಿ ಪುಸ್ತಕವನ್ನು ಎಕ್ಸೆಲ್‌ನಲ್ಲಿ ಬರೆದು, ಶೀರ್ಷಿಕೆಯಲ್ಲಿಯೇ ಗುಟ್ಟನ್ನು ದಪ್ಪಕ್ಷರದಲ್ಲಿ ಹಾಕಿ, ನೆಟ್‌ವರ್ಕಿನಲ್ಲಿ ಬಿಟ್ಟಿದ್ದರು ಎಂದು ನಾವು ನಂಬಬೇಕು. ಪಟ್ಟಿಯ ಒಂದು ಹೆಸರೂ ಅವನಿಗೆ ನೆನಪಿಲ್ಲ. ಭಡ್ತಿ, ವರ್ಗಾವಣೆ, ತುಟ್ಟಿಭತ್ಯೆಯ ಬಾಕಿ ಇವುಗಳ ಜಗಳವಿಲ್ಲದ ಅಧಿಕಾರಿಗಳ ಪಟ್ಟಿ ಇದ್ದದ್ದೇ ಹೌದಾದರೆ, ಅವರು ಭೂಮಿಯವರಲ್ಲವೆಂದು ನಾನೂ ಒಪ್ಪುತ್ತೇನೆ.

ಅವನು ಒಳಹೊಕ್ಕ ಬಗೆಯನ್ನು ಕೇಳಿದರೆ ಕತೆಯ ಬುಡವೇ ಅಲುಗುತ್ತದೆ. ಅವನಿಗೆ ಯಾವ ಮಾಯಾಮಂತ್ರವೂ ಬೇಕಾಗಿರಲಿಲ್ಲ. ಪಾಸ್‌ವರ್ಡ್ ಖಾಲಿ ಬಿಟ್ಟ ಕಂಪ್ಯೂಟರುಗಳು ಯಾವುವು ಎಂದು ಸಾಲುಸಾಲಾಗಿ ಹುಡುಕುವ ಒಂದು ಸಣ್ಣ ಪ್ರೋಗ್ರಾಂ ಅವನ ಬಳಿ ಇತ್ತು, ಅಂಥ ಕಂಪ್ಯೂಟರುಗಳು ಬೇಕಾದಷ್ಟು ಇದ್ದವು. ಅಂದರೆ ಬಾಗಿಲಿಗೆ ಅಗಳಿ ಹಾಕುವುದನ್ನೇ ಮರೆತ ಸರ್ಕಾರವೊಂದು, ಹಾರುವ ತಟ್ಟೆಯ ಸುದ್ದಿ ಎದ್ದ 1947ರಿಂದ ಈಚೆಗೆ ಹತ್ತಾರು ಅಧ್ಯಕ್ಷರು ಬಂದು ಹೋದರೂ, ಸಾವಿರಾರು ಗುಮಾಸ್ತರು ನಿವೃತ್ತರಾದರೂ, ಅನ್ಯಗ್ರಹದ ನೌಕೆಯೊಂದನ್ನು ಮಾತ್ರ ಸೂಜಿಯ ಮೊನೆಯಷ್ಟೂ ಕಾಣದಂತೆ ಅಡಗಿಸಿಟ್ಟಿದೆ. ಅದೇ ಸರ್ಕಾರದ ಎರಡೂವರೆ ಲಕ್ಷ ರಾಜತಾಂತ್ರಿಕ ಪತ್ರಗಳು 2010ರಲ್ಲಿ ಗುಟ್ಟು ಬಯಲುಮಾಡುವ ವಿಕಿಲೀಕ್ಸ್ ಜಾಲತಾಣದ ಮೂಲಕ ಬೀದಿಗೆ ಬಿದ್ದವು. 2013ರಲ್ಲಿ ಅಲ್ಲಿಯ ಬೇಹುಗಾರಿಕೆ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಅದರ ಬೇಹುಗಾರಿಕೆಯ ಬುಟ್ಟಿಯನ್ನೇ ಬೋರಲು ಹಾಕಿದರು. ಯಾವ ರಾಯಭಾರಿ ಯಾರನ್ನು ಬೈದ ಎಂಬುದರಿಂದ ಹಿಡಿದು ಯಾರ ಫೋನನ್ನು ಯಾರು ಕದ್ದು ಕೇಳಿದರು ಎಂಬುದರವರೆಗೆ ಎಲ್ಲ ಹೊರಬಂತು, ತಟ್ಟೆ ಇಟ್ಟ ಶೆಡ್ಡಿನ ಬೀಗದ ಕೈಯೊಂದು ಬಿಟ್ಟು.

ಮೆಕಿನನ್ ಪಟ್ಟ ಪಾಡನ್ನು ಆಡಿಕೊಳ್ಳುವ ಮನಸ್ಸು ನನಗಿಲ್ಲ. ಅಮೆರಿಕಕ್ಕೆ ಒಪ್ಪಿಸುವರೋ ಏನೋ ಎಂಬ ಭಯದಲ್ಲಿ ಹತ್ತು ವರ್ಷ ಬದುಕಿದವನು ಆತ. 2012ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಗೃಹಮಂತ್ರಿ ಥೆರೆಸಾ ಮೇ ಅವನ ಆರೋಗ್ಯವನ್ನು ಪರಿಗಣಿಸಿ ಗಡಿಪಾರನ್ನು ತಡೆದರು. ನಗೆ ಬರುವುದು ಅವನ ಬೆನ್ನಿಗೆ ಹುಟ್ಟಿಕೊಂಡ ಭಕ್ತಸಮೂಹವನ್ನು ಕಂಡು. ಅಮೆರಿಕ ಅವನನ್ನು ಅಷ್ಟು ವರ್ಷ ಬೆನ್ನಟ್ಟಿದ್ದೇ ಫೋಟೋ ನಿಜವೆಂಬುದಕ್ಕೆ ಪುರಾವೆ ಎನ್ನುತ್ತಾರೆ ಅವರು. ಸುಮಾರು ಏಳು ಲಕ್ಷ ಡಾಲರ್ ನಷ್ಟವಾಯಿತೆಂದು ಆರೋಪಪಟ್ಟಿ ಬರೆದವರು ಬೆನ್ನಟ್ಟಲು ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಪೊಲೀಸರು ಓಡಿಸಿಕೊಂಡು ಹೋದರೆಂಬ ಮಾತ್ರಕ್ಕೆ ಓಡಿದವನ ಜೋಳಿಗೆಯಲ್ಲಿ ಬಂಗಾರವಿತ್ತು ಎಂದು ತೀರ್ಮಾನಿಸುವ ರೀತಿ ಇದು.

ಉಳಿದವರ ಕತೆಗೂ ಇದೇ ಜಾತಕ. 1990ರ ದಶಕದಲ್ಲಿ ಮ್ಯಾಥ್ಯೂ ಬೆವನ್ ಎಂಬ ವೇಲ್ಸ್ ತರುಣ ಇದೇ ತಟ್ಟೆಯ ಹುಡುಕಾಟದಲ್ಲಿ ಅಮೆರಿಕದ ವಾಯುನೆಲೆಯ ಕಂಪ್ಯೂಟರಿಗೆ ಹೊಕ್ಕು, ಗುರುತ್ವವನ್ನು ಮೀರುವ ಎಂಜಿನ್ನಿನ ವಿವರ ಓದಿದೆನೆಂದ. 1997ರಲ್ಲಿ ಮೊಕದ್ದಮೆ ಬಿದ್ದುಹೋಯಿತು, ಆ ಎಂಜಿನ್ನಿನ ಒಂದು ಹಾಳೆಯೂ ಹೊರಬರಲಿಲ್ಲ. 2017ರ ಜೂನ್‌ನಲ್ಲಿ ಮುಖವಾಡ ಧರಿಸುವ ಹ್ಯಾಕರ್ ಗುಂಪು ಅನಾನಿಮಸ್‌ನ ಹೆಸರಿನ ವಿಡಿಯೋ ಒಂದು, ಅನ್ಯಗ್ರಹ ಜೀವಿಗಳ ಸುದ್ದಿಯನ್ನು ನಾಸಾ ಇನ್ನೇನು ಘೋಷಿಸಲಿದೆ ಎಂದಿತು. ಅದರ ಆಧಾರವೆಂದರೆ ನಾಸಾ ಅಧಿಕಾರಿ ಥಾಮಸ್ ಝುರ್‌ಬುಕೆನ್ ಅಮೆರಿಕದ ಸಂಸದರ ಮುಂದೆ ಬಹಿರಂಗವಾಗಿ ಆಡಿದ ಮಾತು. ತೆರೆದ ಬಾಗಿಲ ಸಭೆಯಲ್ಲಿ ಆಡಿದ ಮಾತನ್ನು ಮುಖವಾಡ ಹಾಕಿಕೊಂಡು ಹೇಳಿದರೆ ಅದು ರಹಸ್ಯವಾಗುತ್ತದೆ ಎಂಬ ಹೊಸ ಶಾಸ್ತ್ರವನ್ನು ನಾವು ಅಂದು ಕಲಿತೆವು. ಅಂಥದ್ದೇನೂ ಇಲ್ಲವೆಂದು ಝುರ್‌ಬುಕೆನ್ ಅವರೇ ಹೇಳಬೇಕಾಯಿತು.

ಸರ್ಕಾರಗಳು ಸುಳ್ಳು ಹೇಳುವುದಿಲ್ಲವೆಂದು ನಾನು ಹೇಳಹೊರಟರೆ ತಲಾಠಿಯವರೇ ಮೊದಲು ನಗುತ್ತಾರೆ. 1947ರಲ್ಲಿ ಅಮೆರಿಕದ ರಾಸ್‌ವೆಲ್ ಊರಿನ ಬಳಿ ಬಿದ್ದದ್ದನ್ನು ಸೇನೆ ಮೊದಲು ಹಾರುವ ತಟ್ಟೆ ಎಂದಿತು, ಒಂದು ದಿನದೊಳಗೇ ಹವಾಮಾನದ ಬಲೂನು ಎಂದಿತು. ಅದು ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಆಲಿಸಲು ಹಾರಿಬಿಟ್ಟ ಮೊಗಲ್ ಯೋಜನೆಯ ಬಲೂನುಗಳ ಸಾಲು ಎಂದು 1994ರಲ್ಲಿ ವಾಯುಪಡೆ ಬಾಯಿಬಿಟ್ಟಿತು. ಗುಟ್ಟು ಇತ್ತು, ಆದರೆ ಬಿಚ್ಚಿದಾಗ ಗಂಟಿನಲ್ಲಿ ಸಿಕ್ಕಿದ್ದು ರಬ್ಬರು, ದಾರ, ಬೇಗಡೆ ಕಾಗದ. ಅದೇ ವಾಯುಪಡೆ 1969ರವರೆಗೆ ಲೆಕ್ಕ ಇಟ್ಟ 12,618 ದರ್ಶನಗಳಲ್ಲಿ 701 ಮಾತ್ರ ಬಗೆಹರಿಯದೆ ಉಳಿದವು. ಏನೆಂದು ಗೊತ್ತಾಗಲಿಲ್ಲ ಎಂಬ ಕಲಮಿನ ಮುಂದೆ ನಮ್ಮವರು ತಾವೇ ಪೆನ್ನು ಹಿಡಿದು "ಅನ್ಯಗ್ರಹದವರು" ಎಂದು ತುಂಬಿಬಿಡುತ್ತಾರೆ. ವಾರಸುದಾರರು ಗೊತ್ತಿಲ್ಲದ ಹೊಲಕ್ಕೆ ತನ್ನ ಹೆಸರು ಹಚ್ಚಿಸಿಕೊಳ್ಳುವವನು ಮಾಡುವುದೂ ಇದನ್ನೇ. ಪೆಂಟಗನ್ನಿನ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ, ತನಿಖಾ ಕಚೇರಿ 2024ರ ಮಾರ್ಚ್‌ನಲ್ಲಿ ಹಳೆಯ ಕಡತಗಳನ್ನೆಲ್ಲ ತಿರುವಿಹಾಕಿ, ಅನ್ಯಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಇಲ್ಲವೆಂದು ವರದಿ ಕೊಟ್ಟಿತು. ಭಕ್ತರಿಗೆ ಅದೂ ಪುರಾವೆಯಾಯಿತು, ಇಲ್ಲವೆಂದು ಅಷ್ಟು ಉದ್ದ ಬರೆಯುವವರು ಏನನ್ನೋ ಮುಚ್ಚಿಡುತ್ತಿರಲೇಬೇಕಲ್ಲ!

ನಮ್ಮ ನಾಡಿಗೂ ಮೇಲಿನಿಂದ ಇಳಿದದ್ದುಂಟು. 2025ರ ಜನವರಿಯಲ್ಲಿ ಬೀದರ ಜಿಲ್ಲೆಯ ಜಲಸಂಗಿ ಗ್ರಾಮಕ್ಕೆ ದೊಡ್ಡದೊಂದು ಬಲೂನು ಯಂತ್ರಗಳ ಸಮೇತ ಬಂದು ಬಿತ್ತು. ಊರಿನವರು ಗಾಬರಿಯಾದರು, ನೆರೆದರು, ಹತ್ತಿರ ಹೋಗಿ ನೋಡಿದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರದ ಸಂಶೋಧನಾ ಬಲೂನು ಎಂದು ಗೊತ್ತಾಯಿತು. ಯಾರೂ ಮೋಡೆಮ್ ಹಿಡಿದು ಹತ್ತು ತಾಸು ಕಾಯಲಿಲ್ಲ.

ಇದನ್ನೆಲ್ಲ ನಾನು ದುರ್ಗದಬೈಲಿನಲ್ಲಿ ಇಷ್ಟು ಉದ್ದ ಹೇಳಲಿಲ್ಲ, ಹೇಳಿದ್ದರೆ ಗಿರ್ಮಿಟ್ ಮೆತ್ತಗಾಗುತ್ತಿತ್ತು. ಹುಡುಗ ಮಾತ್ರ ಸೋಲಲಿಲ್ಲ. "ಮುಂದಿನ ವಾರ ಇನ್ನೊಬ್ಬ ಹ್ಯಾಕರ್ ಎಲ್ಲಾ ದಾಖಲೆ ಹೊರಗ ಬಿಡ್ತಾನಂತ್ರೀ ಕಾಕಾ" ಎಂದ. ತಲಾಠಿಯವರು ಧಾರವಾಡದ ಚಿಗರಿ ಬಸ್ಸು ಹಿಡಿಯಲು ಎದ್ದು, ಕನ್ನಡಕವನ್ನು ಕಿಸೆಗೆ ಇಳಿಸುತ್ತ ಹೇಳಿದರು: "ಬಿಡ್ಲಿ, ಬ್ಯಾಡ ಅನ್ನಾವ್ರು ಯಾರು? ಬರೂವಾಗ ಎರಡು ಝೆರಾಕ್ಸ್ ತರಾಕ ಹೇಳು."