ಬಿಡಿ ಹಾಡುಗಳ ನಾಡಿನಿಂದ ಬಂದವನ ತಕರಾರು

ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ಹಿರಿಯರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಳೆದ ಬೇಸಿಗೆಯ ಒಂದು ಸಂಜೆ ನಾನು ಹಿತ್ತಲಿನ ಮೆಂತ್ಯದ ಮಡಿಗೆ ನೀರು ಹಾಯಿಸುತ್ತ ಫೋನಿನಲ್ಲಿ ಭಾವಗೀತೆ ಕೇಳುತ್ತಿದ್ದಾಗ ಅವರು ಬೇಲಿಯ ಬಳಿ ಬಂದು ನಿಂತರು. ಹಾಡು ಮುಗಿಯುವವರೆಗೆ ಮಾತನಾಡದೆ ಕೇಳಿದರು. ಆಮೇಲೆ ಇದು ಯಾವ ಆಲ್ಬಮ್ಮಿನದು, ಕೊಳಲು ನುಡಿಸಿದವರು ಯಾರು ಎಂದು ವಿಚಾರಿಸಿದರು. ಫೋನಿನ ಪರದೆಯ ಮೇಲೆ ಸೂರ್ಯಾಸ್ತದ ಒಂದು ಚಿತ್ರವಿತ್ತು, ಅದರ ಕೆಳಗೆ ‘ಸೂಪರ್ ಹಿಟ್ಸ್’ ಎಂದು ಕೊನೆಗೊಳ್ಳುವ ಯಾವುದೋ ಸಂಗ್ರಹದ ಹೆಸರಿತ್ತು, ಕಲಾವಿದರ ಜಾಗದಲ್ಲಿ ‘ವಿವಿಧ ಕಲಾವಿದರು’ ಎಂದಿತ್ತು. ಕವಿಯ ಹೆಸರನ್ನೂ ರಾಗ ಹಾಕಿದವರ ಹೆಸರನ್ನೂ ನಾನೇ ಹೇಳಿದೆ. ಕೊಳಲಿನ ವಿಷಯಕ್ಕೆ ಬಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ಚೆನ್ನಾಗಿ ನುಡಿಸಿದವರ ಹೆಸರು ನಿಮ್ಮಲ್ಲಿ ಯಾರಿಗೂ ಬೇಡವೇ ಎಂದು ಅವರು ಕೇಳಿದ್ದು ಕುಹಕದಿಂದಲ್ಲ, ನಿಜವಾದ ಬೆರಗಿನಿಂದ. ಅದಕ್ಕಾಗಿಯೇ ಆ ಮಾತು ಹೆಚ್ಚು ಚುಚ್ಚಿತು.

ಮರುದಿನ ಅವರು ತಮ್ಮ ಮನೆಯಿಂದ ಒಂದು ಎಲ್‌ಪಿಯನ್ನು ತಂದು ನನ್ನ ಕೈಗಿಟ್ಟರು: ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’, 1971ರ ಮೇ ತಿಂಗಳಲ್ಲಿ ಹೊರಬಂದದ್ದು. ನಡುವೆ ಏಳಬಾರದು, ಹಾಡು ಹಾರಿಸಬಾರದು, ಒಂದು ಬದಿ ಮುಗಿದ ಮೇಲೆಯೇ ತಿರುಗಿಸಬೇಕು ಎಂಬ ಕರಾರೂ ಜೊತೆಗಿತ್ತು. ಈ ಊರಿಗೆ ಬಂದು ವರ್ಷಗಳೇ ಕಳೆದಿವೆ. ಊರಿನಿಂದ ಬಂದ ನೆಂಟರನ್ನೆಲ್ಲ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯಲ್ಲಿರುವ, ಈ ರೆಕಾರ್ಡನ್ನು ಹೊರತಂದ ಮೋಟೌನ್ ಸಂಸ್ಥೆಯ ಹಳೆಯ ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ್ದೇನೆ. ಆದರೆ ಆ ಮನೆಯಿಂದ ಹೊರಟ ಒಂದೇ ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ್ದು ಆ ವಾರಾಂತ್ಯವೇ ಮೊದಲು.

ಆ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ತಕರಾರೆಲ್ಲ ಅಲ್ಲಿಂದಲೇ ಹುಟ್ಟಿದೆ. ಆಲ್ಬಮ್ ಆರಂಭವಾಗುವುದು ಗೆಳೆಯರು ಒಬ್ಬರನ್ನೊಬ್ಬರು ಮಾತನಾಡಿಸುವ ಗದ್ದಲದಿಂದ. ಅದರ ಮೇಲೆ ಸ್ಯಾಕ್ಸೋಫೋನ್ ಏಳುತ್ತದೆ, ನಂತರ ಗೇ ಅವರ ದನಿ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಅದೇ ದನಿ ಇನ್ನೊಂದು ಸಾಲನ್ನು ಹಿಡಿದು ತನ್ನ ಜೊತೆಗೆ ತಾನೇ ಹಾಡತೊಡಗುತ್ತದೆ. ಬೇರೆ ಬೇರೆಯಾಗಿ ಮುದ್ರಿಸಿದ್ದ ಎರಡು ಗಾಯನಗಳನ್ನು ತಂತ್ರಜ್ಞರು ಆಕಸ್ಮಿಕವಾಗಿ ಒಟ್ಟಿಗೆ ನುಡಿಸಿದಾಗ ಅದು ಗೇ ಅವರಿಗೆ ಹಿಡಿಸಿ ಹಾಗೆಯೇ ಉಳಿಸಿಕೊಂಡರು ಎಂಬುದನ್ನು ಆಮೇಲೆ ಓದಿ ತಿಳಿದೆ. ಮೊದಲ ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಎರಡನೆಯದು ಅದರ ಒಳಗಿನಿಂದಲೇ ಹೊರಟಿರುತ್ತದೆ. ಅದರಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಒಬ್ಬ ಸೈನಿಕ ತನ್ನವರನ್ನು ಕೆಲಸ ಸಿಗುತ್ತದೆಯೇ, ನಾವು ಕುಣಿಯಲು ಹೋಗುತ್ತಿದ್ದ ಜಾಗಕ್ಕೆ ಜನ ಈಗಲೂ ಹೋಗುತ್ತಾರೆಯೇ, ನಮ್ಮ ತಂಡ ಈ ಸಲ ಗೆಲ್ಲುತ್ತದೆಯೇ ಎಂದು ಕೇಳುತ್ತಾನೆ. ಪರಊರಿನಲ್ಲಿ ಬಾಳುವವರು ರಜೆಯಲ್ಲಿ ಮನೆಗೆ ಹೋದ ಮೊದಲ ದಿನ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ ಅಲ್ಲವೇ? ನಂತರ ಮಾದಕವಸ್ತು, ಮಕ್ಕಳ ನಾಳೆ, ದೇವರು, ಕೆಟ್ಟ ಗಾಳಿ, ಕೆಟ್ಟ ನೀರು ಒಂದರ ಹಿಂದೊಂದು ಬರುತ್ತವೆ. ಕೊನೆಯ ಹಾಡಿನಲ್ಲಿ ನಗರದ ಬಡಾವಣೆಯ ತೆರಿಗೆ, ಸಾಲ, ಪೊಲೀಸರು ಎಲ್ಲವೂ ಸೇರಿ ಕಿರುಚಬೇಕೆನಿಸುವ ಹಂತಕ್ಕೆ ಬಂದಾಗ, ಮೊದಲ ಹಾಡಿನ ಎಳೆ ಮತ್ತೆ ಕಿವಿಗೆ ಬೀಳುತ್ತದೆ. ಒಟ್ಟು ಒಂಬತ್ತು ಹಾಡುಗಳು, ಮೂವತ್ತೈದು ನಿಮಿಷಗಳು. ಇವುಗಳಲ್ಲಿ ಒಂದೆರಡನ್ನು ನಾನು ಅಂಗಡಿಗಳಲ್ಲಿ, ಲಿಫ್ಟುಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಬಿಡಿಯಾಗಿ ಕೇಳಿದಾಗ ಅವು ಹಿತವಾದ ಹಾಡುಗಳು ಮಾತ್ರ. ಸಾಲಾಗಿ ಕೇಳಿದಾಗ ಅವು ಒಬ್ಬ ಮನುಷ್ಯ ತನ್ನ ಊರನ್ನು ನಿಂತು ನೋಡಿದ ಬಗೆಯಾಗಿ ಕಂಡವು.

ರೆಕಾರ್ಡಿನ ಹೊರಕವಚವನ್ನು ಬಿಚ್ಚಿದರೆ ಒಳಗೆ ಹಾಡುಗಳ ಸಾಹಿತ್ಯವಿದೆ, ವಾದ್ಯಗಾರರ ಹೆಸರುಗಳಿವೆ, ಯಾರು ಯಾವ ವಾದ್ಯ ನುಡಿಸಿದರು ಎಂಬುದಿದೆ. ಬಾಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್ಸನ್ ಆ ರಾತ್ರಿ ಕುಡಿದು ಕೂರಲಾಗದೆ ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರು ಎಂಬ ಪ್ರಸಿದ್ಧ ಕಥೆಯನ್ನು ನಮ್ಮ ನೆರೆಮನೆಯವರು ಸ್ವಂತ ಅಣ್ಣನ ಕಥೆಯಂತೆ ಹೇಳುತ್ತಾರೆ. ಹಿನ್ನೆಲೆಯಲ್ಲಿ ಕೂತವರ ಬಗ್ಗೆ ಕೇಳುಗರಿಗೆ ಇಷ್ಟು ಸಲುಗೆ ಇರಬಹುದು ಎಂಬುದೇ ನನಗೆ ಹೊಸ ಸಂಗತಿಯಾಗಿತ್ತು.

ರುಚಿ ಹತ್ತಿದ ಮೇಲೆ ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಿಂದ ಒಂದೊಂದಾಗಿ ಹಳೆಯ ಆಲ್ಬಮ್‌ಗಳನ್ನು ತರತೊಡಗಿದೆ; ಪುಸ್ತಕದಂತೆಯೇ ಅವನ್ನೂ ಎರವಲು ಕೊಡುತ್ತಾರೆ. ಜೋನಿ ಮಿಚೆಲ್ ಅವರ ‘ಬ್ಲೂ’ ಬಂತು, ಸ್ಟೀವಿ ವಂಡರ್ ಬಂದರು, ಅವರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಜಾಝ್ ಸಂಗೀತದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಬಗ್ಗೆ ಮಾತ್ರ ಬರೆಯಲೇಬೇಕು. 1959ರಲ್ಲಿ ನ್ಯೂಯಾರ್ಕಿನ ಒಂದು ಹಳೆಯ ಚರ್ಚ್ ಕಟ್ಟಡದಲ್ಲಿದ್ದ ಸ್ಟುಡಿಯೋದಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಇದನ್ನು ಮುದ್ರಿಸಿದರು. ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಅಡರ್ಲಿ, ಬಿಲ್ ಎವನ್ಸ್ ಮೊದಲಾದ ದಿಗ್ಗಜರು ಇದರಲ್ಲಿ ಜೊತೆಯಾಗಿದ್ದಾರೆ. ಮೊದಲ ರಚನೆ ‘ಸೋ ವಾಟ್’ ಬಹುಪಾಲು ಒಂದೇ ಸ್ವರಶ್ರೇಣಿಯಲ್ಲಿ ನಿಂತು, ನಡುವೆ ಅರ್ಧ ಸ್ವರ ಮೇಲೇರಿ, ಮತ್ತೆ ಮೊದಲಿನ ಜಾಗಕ್ಕೆ ಇಳಿಯುತ್ತದೆ. ಆ ಶ್ರೇಣಿಯ ಸ್ವರಗಳು ದಕ್ಷಿಣದವರಿಗೆ ಖರಹರಪ್ರಿಯದವು, ನಮ್ಮ ಧಾರವಾಡದ ಕಡೆಯವರಿಗೆ ಕಾಫಿ ಥಾಟಿನವು. ಕಾಫಿ ರಾಗ ಎನ್ನಲು ಬೇಕಾದ ಮೀಂಡ್ ಎಂಬ ಸ್ವರಗಳ ಜಾರು, ಪಕಡ್ ಎಂಬ ರಾಗದ ಗುರುತಿನ ಸ್ವರಗುಚ್ಛ ಯಾವುದೂ ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಆದರೂ ಸ್ವರಗಳ ಮೇಲೆ ಆತುರವಿಲ್ಲದೆ ನಿಲ್ಲುವ ಆ ಕ್ರಮವನ್ನು ಮಲ್ಲಿಕಾರ್ಜುನ ಮನ್ಸೂರರ ಊರಿನಲ್ಲಿ ಬೆಳೆದ ಕಿವಿ ಸಲೀಸಾಗಿ ಒಪ್ಪಿಕೊಂಡಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಪಟ್ಟಿಯನ್ನು ಆರಂಭಿಸಿದಾಗ ಮೊದಲ ವರ್ಷವೇ ಈ ಆಲ್ಬಮ್ ಅದರಲ್ಲಿ ಸೇರಿತ್ತು. ಅಂದರೆ ಸರ್ಕಾರದ ಒಂದು ಸಂಸ್ಥೆ, ಇದು ನಾಡಿನ ಆಸ್ತಿ, ಇದನ್ನು ಇಡಿಯಾಗಿ ಕಾಪಾಡಬೇಕು ಎಂದು ತೀರ್ಮಾನಿಸುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಎಲ್ಲರೂ ಅದನ್ನು ಕೊಂಡಾಡುತ್ತಾರೆ, ಪ್ರತಿ ನವೆಂಬರ್ ಒಂದರಂದು ವೇದಿಕೆಯ ಮೇಲೆ ಭಾಷಣಗಳಾಗುತ್ತವೆ. ಆ ಧ್ವನಿಸುರುಳಿಯ ಮೊದಲ ಬದಿಯಲ್ಲಿ ಯಾವ ಹಾಡಿನ ನಂತರ ಯಾವ ಹಾಡು ಬರುತ್ತದೆ ಎಂದು ನಾನು ಬೆಂಗಳೂರಿನ, ಧಾರವಾಡದ ಗೆಳೆಯರನ್ನೆಲ್ಲ ಕೇಳಿ ನೋಡಿದೆ. ಒಬ್ಬರೂ ಹೇಳಲಿಲ್ಲ, ಹೇಳದೆ ಹೋದದ್ದರ ಬಗ್ಗೆ ಒಬ್ಬರಿಗೂ ಬೇಸರವಾಗಲಿಲ್ಲ. ಫೋನಿನ ಹಾಡಿನ ಆ್ಯಪುಗಳಲ್ಲಿ ಹುಡುಕಿದಾಗ ಹಾಡುಗಳು ಹತ್ತಾರು ಸಂಗ್ರಹಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಸಿಕ್ಕವು. ಒಂದೆಡೆ ಭಕ್ತಿಗೀತೆಗಳ ನಡುವೆ, ಇನ್ನೊಂದೆಡೆ ಸಿನಿಮಾ ಹಾಡುಗಳ ಪಕ್ಕದಲ್ಲಿ. ತಬಲಾ ನುಡಿಸಿದವರ ಹೆಸರು ಎಲ್ಲಿಯೂ ಕಾಣಲಿಲ್ಲ.

ತಪ್ಪು ಆ್ಯಪುಗಳದ್ದು ಮಾತ್ರವೇ ಎಂದರೆ ನಾನು ಒಪ್ಪುವುದಿಲ್ಲ. ಇಂಟರ್ನೆಟ್ಟು ಬರುವುದಕ್ಕೆ ಬಹಳ ಮೊದಲೇ ನಾವು ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಕೊಟ್ಟು, ಬೇಕಾದದ್ದನ್ನು ಮಾತ್ರ ತುಂಬಿಸಿಕೊಂಡು ಬರುತ್ತಿದ್ದ ಜನ. ಮದುವೆಯೂಟದ ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲೆಲ್ಲಿ ಬೀಳಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂಬುದರಲ್ಲಿ ತಿಲಮಾತ್ರ ವ್ಯತ್ಯಾಸವಾದರೂ ಅಡುಗೆಯವರ ಜೊತೆ ಜಗಳ ತೆಗೆಯುವ ನಾವು, ಒಬ್ಬ ಸಂಯೋಜಕ ಯೋಚಿಸಿ ಜೋಡಿಸಿದ ಹಾಡುಗಳ ಸಾಲನ್ನು ಮಾತ್ರ ಕಂಡಂತೆ ಕಲಸಿಬಿಡುತ್ತೇವೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದ ಪುಸ್ತಕ. ಅದರ ಬಿಡಿ ಕವಿತೆಗಳ ಹಿಂದೆ ಒಂದು ಇಡೀ ದಾಂಪತ್ಯವಿದೆ ಎಂಬುದು ಓದಿದವರಿಗೆಲ್ಲ ಗೊತ್ತು. ಸಿ. ಅಶ್ವಥ್ ಅವರು ಅದನ್ನು ಹಾಡಾಗಿಸಿದ ಧ್ವನಿಸುರುಳಿಯನ್ನು ಆ ದಾಂಪತ್ಯದ ಗತಿಯಲ್ಲಿ ಒಂದೇ ಸಂಜೆ ಕೂತು ಕೇಳುವವರು ಎಷ್ಟು ಮಂದಿ? ರಿಯಾಲಿಟಿ ಶೋಗಳಲ್ಲಿ ಮಕ್ಕಳು ಹಾಡುವ ಒಂದೆರಡು ಹಾಡುಗಳಷ್ಟೇ ಹೊಸ ತಲೆಮಾರಿಗೆ ಉಳಿದಿವೆ. ಒಬ್ಬ ಸಂಯೋಜಕರ ಧಾಟಿಯ ಬಗ್ಗೆ ನಮ್ಮ ನಾಡಿನಲ್ಲಿ ದೊಡ್ಡ ಚರ್ಚೆ ನಡೆದದ್ದು ನಾಡಗೀತೆಯ ವಿಷಯದಲ್ಲಿ. ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿದ ಮೇಲೆ ಅದು ನ್ಯಾಯಾಲಯಕ್ಕೂ ಹೋಯಿತು. ಜಗಳಕ್ಕೆ ಬೇಕಾದಾಗ ನಮಗೆ ಸಂಯೋಜಕರು ನೆನಪಾಗುತ್ತಾರೆ ಎಂದರೆ ಕಟುವಾದೀತು, ಆದರೂ ನನಗೆ ಅನಿಸಿದ್ದು ಹಾಗೆಯೇ.

ಇಷ್ಟೆಲ್ಲ ಹೇಳಿದ ಮೇಲೆ, ಹೇಳದೆ ಬಿಡಲು ಮನಸ್ಸಿದ್ದರೂ ಬಿಡಲಾಗದ ಕೆಲವು ಸಂಗತಿಗಳಿವೆ. ಮೋಟೌನ್ ಸಂಸ್ಥೆ ತನ್ನ ವಾದ್ಯಗಾರರ ಹೆಸರನ್ನು ಆಲ್ಬಮ್ಮಿನ ಮೇಲೆ ಅಚ್ಚು ಹಾಕಿದ್ದು ‘ವಾಟ್ಸ್ ಗೋಯಿಂಗ್ ಆನ್’ನಲ್ಲೇ ಮೊದಲು. ಅದಕ್ಕೂ ಹಿಂದಿನ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅದೇ ಜೇಮರ್ಸನ್, ಅದೇ ಸಂಗಾತಿಗಳು ಜಗತ್ತೆಲ್ಲ ಕುಣಿದ ಹಾಡುಗಳಿಗೆ ಹೆಸರಿಲ್ಲದೆ ನುಡಿಸಿದರು. ಮರುವರ್ಷ ಸಂಸ್ಥೆ ಲಾಸ್ ಏಂಜಲೀಸಿಗೆ ಎದ್ದುಹೋದಾಗ ಅವರಲ್ಲಿ ಅನೇಕರು ಈ ಊರಿನಲ್ಲೇ ಕೆಲಸವಿಲ್ಲದೆ ಉಳಿದರು. ಅಷ್ಟೇ ಅಲ್ಲ, ಸಂಸ್ಥೆಯ ಒಡೆಯ ಬೆರಿ ಗೋರ್ಡಿಯವರಿಗೆ ಈ ಆಲ್ಬಮ್ಮಿನ ಮೊದಲ ಹಾಡೇ ಹಿಡಿಸಿರಲಿಲ್ಲ. ಅದು ಬಿಡಿ ಹಾಡಾಗಿ ಹೊರಬಂದು ಭರದಿಂದ ಮಾರಾಟವಾದ ಮೇಲೆಯೇ ಇಡೀ ಆಲ್ಬಮ್ಮಿಗೆ ಅಪ್ಪಣೆ ಸಿಕ್ಕಿತು. ಅಂದರೆ ನಾನು ಇಷ್ಟು ಹೊಗಳಿದ ಇಡಿತನಕ್ಕೆ ದಾರಿ ಮಾಡಿಕೊಟ್ಟದ್ದೂ ಒಂದು ಬಿಡಿ ಹಾಡೇ. ‘ಕೈಂಡ್ ಆಫ್ ಬ್ಲೂ’ ಕಥೆಯೂ ಇಂಥದ್ದೇ: ಒಂದು ಟೇಪ್ ಯಂತ್ರದ ವೇಗದಲ್ಲಿದ್ದ ದೋಷದಿಂದ ಅದರ ಮೊದಲ ಬದಿ ತುಸು ಎತ್ತರದ ಶ್ರುತಿಯಲ್ಲಿ ಅಚ್ಚಾಗಿ, ಮೂರು ದಶಕಗಳ ಕಾಲ ಲಕ್ಷಾಂತರ ಜನ ಆ ತಪ್ಪು ಶ್ರುತಿಯನ್ನೇ ಭಕ್ತಿಯಿಂದ ಕೇಳಿದರು. ಇಲ್ಲಿನ ಈ ಕಾಪಾಡುವಿಕೆಯಲ್ಲಿ ವ್ಯಾಪಾರವೂ ಇದೆ. ಒಂದೇ ಆಲ್ಬಮ್ಮನ್ನು ವಾರ್ಷಿಕೋತ್ಸವದ ನೆಪದಲ್ಲಿ ಅದೇ ಗಿರಾಕಿಗೆ ಮತ್ತೆ ಮತ್ತೆ ಮಾರುವ ಕಲೆ ಇವರಿಗೆ ಚೆನ್ನಾಗಿ ಒಲಿದಿದೆ.

ನಮ್ಮಲ್ಲೂ ಹೆಸರು ಹೇಳುವ ಪದ್ಧತಿ ಇರಲೇ ಇಲ್ಲವೆಂದಲ್ಲ. ಧಾರವಾಡ ಆಕಾಶವಾಣಿಯಲ್ಲಿ ಭಾವಗೀತೆ ಬರುವ ಮೊದಲು ರಚನೆ ಯಾರದು, ರಾಗಸಂಯೋಜನೆ ಯಾರದು, ಹಾಡುವವರು ಯಾರು ಎಂದು ತಪ್ಪದೆ ಹೇಳುತ್ತಿದ್ದರು. ನಾನು ನೆರೆಮನೆಯವರಿಗೆ ಕವಿಯ ಹೆಸರನ್ನು ತಡವರಿಸದೆ ಹೇಳಲು ಸಾಧ್ಯವಾದದ್ದು ಆ ಉದ್ಘೋಷಕರ ಪುಣ್ಯದಿಂದ. ನಮ್ಮ ಶಾಸ್ತ್ರೀಯ ಗಾಯಕರ ಎಲ್‌ಪಿಗಳ ಹಿಂಬದಿಯಲ್ಲೂ ರಾಗ, ತಾಳ, ತಬಲಾ, ಹಾರ್ಮೋನಿಯಂ ಸಾಥಿಗಳ ಹೆಸರು ಸಾಮಾನ್ಯವಾಗಿ ಇರುತ್ತಿದ್ದವು. ಇದ್ದ ಒಳ್ಳೆಯ ರೂಢಿಯನ್ನು ಕೈಬಿಟ್ಟೆವು ಎನ್ನುವುದು ಇನ್ನೂ ದೊಡ್ಡ ದೂರು ಎಂದು ಬೇಕಾದರೆ ವಾದಿಸಬಹುದು.

ಹೋದ ಚಳಿಗಾಲದಲ್ಲಿ ನಮ್ಮ ಕನ್ನಡ ಕೂಟದವರನ್ನು ಒಪ್ಪಿಸಿ, ರಾಜ್ಯೋತ್ಸವದ ಕರೋಕೆಯ ಬದಲು ಹಿರಿಯರೊಬ್ಬರು ಜೋಪಾನವಾಗಿ ಇಟ್ಟುಕೊಂಡಿದ್ದ ‘ನಿತ್ಯೋತ್ಸವ’ದ ಹಳೆಯ ಕ್ಯಾಸೆಟ್ಟನ್ನು ಇಡಿಯಾಗಿ ಕೇಳುವ ಕಾರ್ಯಕ್ರಮವನ್ನು ಹಮ್ಮಿಕೊಂಡೆ. ಮೌನವಾಗಿ ಕೇಳಬೇಕೆಂದು ಮೊದಲೇ ವಿನಂತಿಸಿದ್ದೆ. ಜೋಗದ ಸಿರಿಯ ಹಾಡಿನ ಮೊದಲ ಸಾಲು ಬಂದದ್ದೇ ತಡ, ಸಭಾಂಗಣದಲ್ಲಿದ್ದ ಎಲ್ಲರೂ ಅಜ್ಜಿಯರಿಂದ ಹಿಡಿದು ಇಲ್ಲಿಯೇ ಹುಟ್ಟಿದ ಮಕ್ಕಳವರೆಗೆ ದನಿಗೂಡಿಸಿದರು, ಕ್ಯಾಸೆಟ್ಟಿನಲ್ಲಿದ್ದ ವಾದ್ಯಗಳು ಆ ಹಾಡಿನಡಿ ಮುಚ್ಚಿಹೋದವು. ನನಗೆ ಆಗ ಸಿಟ್ಟು ಬಂದದ್ದು ನಿಜ. ಆದರೆ ಮಾರ್ವಿನ್ ಗೇ ಅವರ ಹಾಡನ್ನು ಇಡೀ ಸಭೆ ಪಲ್ಲವಿಯಿಂದ ಕೊನೆಯ ಚರಣದವರೆಗೆ ಬಾಯಿಪಾಠವಾಗಿ ಹಾಡಿದ್ದನ್ನು ಅವರದೇ ಊರಿನಲ್ಲಿ ನಾನು ಈವರೆಗೆ ಕಂಡಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ನಮ್ಮ ಜನ ರೆಕಾರ್ಡನ್ನು ಉಳಿಸಿಕೊಳ್ಳಲಿಲ್ಲ, ಹಾಡನ್ನು ಉಳಿಸಿಕೊಂಡರು.

ಅಷ್ಟಾದರೂ ನನ್ನ ಬೇಡಿಕೆಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಆ ಧ್ವನಿಸುರುಳಿಗಳ ಹಕ್ಕು ಯಾರ ಬಳಿ ಇದೆಯೋ ಅವರು ಹಾಡುಗಳನ್ನು ಮೂಲದ ಸಾಲಿನಲ್ಲೇ, ಮೂಲದ ಮುಖಚಿತ್ರದೊಂದಿಗೆ ಮತ್ತೆ ಹೊರತರಲಿ. ಕವಿ, ಸಂಯೋಜಕ, ಗಾಯಕರ ಜೊತೆಗೆ ಕೊಳಲು, ತಬಲಾ, ವಯೊಲಿನ್ ನುಡಿಸಿದವರ ಹೆಸರನ್ನೂ ಹಾಕಲಿ. ಆ ಮುದ್ರಣಗಳಲ್ಲಿ ಕೂತಿದ್ದ ವಾದ್ಯಗಾರರಲ್ಲಿ ಇನ್ನೂ ನಮ್ಮೊಡನೆ ಇರುವವರನ್ನು ಈಗಲೇ ಕೇಳಿ ಬರೆದುಕೊಂಡರೆ ಈ ಕೆಲಸ ಆದೀತು. ಇನ್ನು ಹತ್ತು ವರ್ಷ ತಡೆದರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ.