ಸತ್ಯಾಂಶ: ರೇಟಿಂಗ್ ಕಡಿಮೆ ಬಂದರೆ ಶೋ ಸೋತಂತಾ?

ಟಿವಿ ರೇಟಿಂಗ್‌ನಲ್ಲಿ, ಅಂದರೆ ಎಷ್ಟು ಜನ ನೋಡಿದರು ಅನ್ನೋ ಲೆಕ್ಕದಲ್ಲಿ, ಹಿಂದೆ ಬಿದ್ದ ಶೋ ಜನರಿಗೆ ಇಷ್ಟವಾಗಿಲ್ಲ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಅದು ಸರಿಯಲ್ಲ. ಬ್ರಿಟನ್ನಿನಲ್ಲಿ 2012ರ ಮಾರ್ಚ್ 24ರ ಶನಿವಾರ ಬಿಬಿಸಿ ಚಾನೆಲ್‌ನ ಹಾಡಿನ ಸ್ಪರ್ಧೆ 'ದಿ ವಾಯ್ಸ್', ಐಟಿವಿ ಚಾನೆಲ್‌ನ ಪ್ರತಿಭಾ ಸ್ಪರ್ಧೆ 'ಬ್ರಿಟನ್ಸ್ ಗಾಟ್ ಟ್ಯಾಲೆಂಟ್' ಎರಡೂ ಒಂದೇ ರಾತ್ರಿ ಶುರುವಾದವು. ಮೊದಲನೆಯದು ಮುಗಿಯುವ ಮುಂಚೆಯೇ ಎರಡನೆಯದು ಬಂತು, ಸುಮಾರು 20 ನಿಮಿಷ ಎರಡೂ ಒಟ್ಟಿಗೇ ಓಡಿದವು, ನೋಡುಗರು ಎರಡು ಪಾಲಾದರು. ಒಟ್ಟು ಸರಾಸರಿಯಲ್ಲಿ ಐಟಿವಿ ಮುಂದಿತ್ತು. ಆದರೆ ಆ 20 ನಿಮಿಷದಲ್ಲಿ ಮುಂದಿದ್ದದ್ದು ಬಿಬಿಸಿ! ರೇಟಿಂಗ್ ಅನ್ನೋದು ಇಡೀ ಶೋದ ಸರಾಸರಿ ಅಲ್ವಾ, ಸಂಜೆ 7ಕ್ಕೆ ಟಿವಿ ಹಾಕುವವರಿಗಿಂತ 8ರ ನಂತರ ಹಾಕುವವರು ಸಾಮಾನ್ಯವಾಗಿ ಜಾಸ್ತಿ, ಹಾಗಾಗಿ ತಡವಾಗಿ ಬರುವ ಶೋಗೆ ಅದೇ ಒಂದು ಅನುಕೂಲ. ರೆಕಾರ್ಡ್ ಮಾಡಿಕೊಂಡು ಮುಂದಿನ ದಿನಗಳಲ್ಲಿ ನೋಡಿದವರು ಮರುದಿನದ ಅಂಕಿಯಲ್ಲಿ ಇರೋದಿಲ್ಲ, ಆಮೇಲೆ ಬರುವ 7 ದಿನದ ಲೆಕ್ಕದಲ್ಲಿ ಸೇರುತ್ತಾರೆ. ಮರುದಿನದ ಅಂಕಿ ಹಿಡಿದು ಸುಮ್ನೆ ತೀರ್ಪು ಕೊಡಬೇಡಿ.